ಆಯ್ಕೆಯಿಲ್ಲದ ಸಹನೆಗೆ ತಪಸ್ಸೆಂಬ ಹೆಸರು

ಭಾದ್ರಪದದ ದಶಲಕ್ಷಣ ಪರ್ವ ಸಮೀಪಿಸುತ್ತಿದ್ದಂತೆ ಅನೇಕ ಜೈನ ಮನೆಗಳಿಗೆ ಔಷಧದಂಗಡಿಯಿಂದ ಒಂದು ಸ್ಟ್ರಿಪ್ ಮಾತ್ರೆ ಬರುತ್ತದೆ. ಹತ್ತು ದಿನ ಬಸದಿಗೆ ಹೋಗಬೇಕು, ಪೂಜೆಯಲ್ಲಿ ಕೂರಬೇಕು, ಮುನಿಸಂಘ ಊರಿನಲ್ಲಿದ್ದರೆ ಆಹಾರದಾನದ ಸರದಿ ಬೇರೆ. ಅಷ್ಟರೊಳಗೆ ಸೊಸೆಗೆ ಮುಟ್ಟಾಗಬಾರದು. ಮಾತ್ರೆಯನ್ನು ತರುವವನು ಬಹುಮಟ್ಟಿಗೆ ಗಂಡನೇ. ವೈದ್ಯರ ಚೀಟಿಯನ್ನು ಅಂಗಡಿಯವನು ಕೇಳುವುದಿಲ್ಲ, ಮನೆಯವರು ತೋರಿಸುವುದೂ ಇಲ್ಲ. ನೊರೆಥಿಸ್ಟೆರಾನ್ ಎಂಬ ಆ ಮಾತ್ರೆ ಒಂದು ಹಾರ್ಮೋನು ಎಂಬುದನ್ನಾಗಲಿ, ಹಿಂದೆ ರಕ್ತ ಹೆಪ್ಪುಗಟ್ಟಿದ ತೊಂದರೆಯಿದ್ದವರು ಅದನ್ನು ಸೇವಿಸಬಾರದೆಂಬುದನ್ನಾಗಲಿ ಯಾರೂ ಚರ್ಚಿಸುವುದಿಲ್ಲ. ಅದು ಧರ್ಮಕಾರ್ಯಕ್ಕಾಗಿ ನುಂಗಿದ ಮಾತ್ರೆ. ಆದ್ದರಿಂದ ಅದಕ್ಕೆ ದೋಷವಿಲ್ಲ.

ಹದಿನೈದು ವರ್ಷ ಕಳೆಯುತ್ತದೆ. ಆ ಸೊಸೆಗೆ ಈಗ ನಲವತ್ತೇಳು. ನಡುರಾತ್ರಿ ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಬೆಂಕಿ ಏರಿದಂತಾಗಿ ಎಚ್ಚರವಾಗುತ್ತದೆ. ರವಿಕೆ ಒದ್ದೆ, ಹಾಸಿಗೆ ಒದ್ದೆ. ಸೂರ್ಯಾಸ್ತದ ಬಳಿಕ ನೀರನ್ನೂ ತ್ಯಜಿಸಿರುವ ವ್ರತಸ್ಥೆಯಾದರೆ ಒಣಗಿದ ನಾಲಿಗೆಯಲ್ಲೇ ಬೆಳಗಿನವರೆಗೆ ಕಾಯಬೇಕು. ಮರುದಿನ ಲೋಕಲ್ ರೈಲು, ಕಚೇರಿ, ಅಡುಗೆ, ಮಗಳ ಪರೀಕ್ಷೆ. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಆಕೆ ವೈದ್ಯರಲ್ಲಿಗೆ ಹೋಗುತ್ತಾಳೆ. ವೈದ್ಯರು ಹಾರ್ಮೋನ್ ಚಿಕಿತ್ಸೆ ಎಂಬ ಮಾತನ್ನು ಎತ್ತುತ್ತಾರೆ. ಆಗ ಮನೆಯಲ್ಲಿ ಇದ್ದಕ್ಕಿದ್ದಂತೆ ವಿವೇಕ ಜಾಗೃತವಾಗುತ್ತದೆ. "ಹಾರ್ಮೋನೇ? ಬೇಡವೇ ಬೇಡ. ಕ್ಯಾನ್ಸರ್ ಬರುತ್ತದೆ. ಇದೆಲ್ಲ ವಯಸ್ಸಿಗೆ ಸಹಜ. ನಿಮ್ಮ ಅತ್ತೆ ಯಾವ ಮಾತ್ರೆ ತಿಂದಿದ್ದರು?"

ಮನೆತನದ ಅನುಕೂಲಕ್ಕೆ ಬೇಕಾದಾಗ ಹಾರ್ಮೋನು ನಿರಪಾಯಕಾರಿ. ಆಕೆಯ ನಿದ್ರೆಗೆ ಬೇಕಾದಾಗ ಅದೇ ಹಾರ್ಮೋನು ವಿಷ. ಈ ಇಬ್ಬಂದಿತನವನ್ನು ಅಜ್ಞಾನವೆಂದು ಕ್ಷಮಿಸುವುದು ಸುಲಭ. ಆದರೆ ಅಜ್ಞಾನ ಸದಾ ಒಂದೇ ಪಕ್ಷದ ಪರವಾಗಿ ತೀರ್ಪು ಕೊಡುತ್ತಿದ್ದರೆ ಅದನ್ನು ಅಜ್ಞಾನವೆಂದಷ್ಟೇ ಕರೆದರೆ ಸಾಲದು.

ಮೊದಲು ವಿಷಯವನ್ನು ನೇರವಾಗಿ ನೋಡಬೇಕು. ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬಾರದಿದ್ದರೆ ಅದನ್ನು ಋತುಬಂಧವೆಂದು ವೈದ್ಯಶಾಸ್ತ್ರ ಗುರುತಿಸುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದರ ಸರಾಸರಿ ವಯಸ್ಸು 51ರ ಸುಮಾರು. ಭಾರತದಲ್ಲಿ 46–47ರ ಆಸುಪಾಸು. ಎಂದರೆ ಭಾರತೀಯ ಸ್ತ್ರೀ ಇನ್ನೂ ದುಡಿಮೆಯ, ಮಕ್ಕಳ ಓದಿನ, ಮುಪ್ಪಾದ ಹಿರಿಯರ ಸೇವೆಯ ನಡುಮಧ್ಯದಲ್ಲಿರುವಾಗಲೇ ಅಂಡಾಶಯ ಈಸ್ಟ್ರೊಜೆನ್ ತಯಾರಿಕೆಯನ್ನು ಕೈಬಿಡುತ್ತದೆ. ಮಿದುಳಿನಲ್ಲಿ ದೇಹದ ಉಷ್ಣತೆಯನ್ನು ಕಾಯುವ ಕೇಂದ್ರ ಅತಿ ಸೂಕ್ಷ್ಮವಾಗಿ, ಅಲ್ಪ ಏರಿಕೆಗೂ ಬೆವರಿಳಿಸಿ ಮೈಯನ್ನು ತಣಿಸಲು ಹೊರಡುತ್ತದೆ. ನಿದ್ರೆ ಕೆಡುತ್ತದೆ, ಕೀಲು ನೋಯುತ್ತದೆ, ಮನಸ್ಸು ಕಾರಣವಿಲ್ಲದೆ ಕುಸಿಯುತ್ತದೆ. ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ, ದಾಂಪತ್ಯ ನೋವಾಗುತ್ತದೆ, ಮೂತ್ರದ ಸೋಂಕು ಮರುಕಳಿಸುತ್ತದೆ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆಯ ಸಾಂದ್ರತೆ ವೇಗವಾಗಿ ಇಳಿಯುತ್ತದೆ. ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ಕೆಲವರು ಏನೂ ಅರಿವಾಗದಂತೆ ಈ ಘಟ್ಟವನ್ನು ದಾಟುತ್ತಾರೆ. ಆದರೆ ಅಮೆರಿಕದಲ್ಲಿ ಸಾವಿರಾರು ಸ್ತ್ರೀಯರನ್ನು ವರ್ಷಗಟ್ಟಲೆ ಹಿಂಬಾಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪದೇಪದೇ ಮೈಬಿಸಿಯೇರುವ ತೊಂದರೆಯಿದ್ದವರಿಗೆ ಅದು ಉಳಿದ ಕಾಲದ ಮಧ್ಯಮಾಂಕ 7.4 ವರ್ಷ. "ನಾಲ್ಕು ದಿನ ಸಹಿಸಿಕೋ" ಎನ್ನುವ ಹಿರಿಯರ ನಾಲ್ಕು ದಿನ ಇಷ್ಟು ದೀರ್ಘವಾದದ್ದು.

ಇನ್ನು ಕ್ಯಾನ್ಸರಿನ ಭಯ. ಅದು ಆಧಾರವಿಲ್ಲದ ಗಾಳಿಮಾತಲ್ಲ. ಆದ್ದರಿಂದಲೇ ಅದರ ಇತಿಹಾಸವನ್ನು ತಿಳಿಯಬೇಕು. ಈಸ್ಟ್ರೊಜೆನ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1942ರಲ್ಲಿ. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ 'ಫೆಮಿನೈನ್ ಫಾರೆವರ್' ಎಂಬ ಪುಸ್ತಕ ಬರೆದು, ಋತುಬಂಧವನ್ನು ಕೊರತೆಯ ರೋಗವೆಂದು ಸಾರಿದ. ಮಾತ್ರೆ ತಿಂದ ಹೆಂಗಸು ಸದಾ ಯುವತಿಯಾಗಿ ಗಂಡನಿಗೆ ಹಿತವಾಗಿರುತ್ತಾಳೆಂಬ ಧಾಟಿಯಲ್ಲಿ ಬರೆದ. ಆತನ ಸಂಸ್ಥೆಗೆ ಔಷಧ ಕಂಪನಿಗಳ ಹಣ ಹರಿದಿತ್ತೆಂಬುದು ಆಮೇಲೆ ಬಯಲಾಯಿತು. 1975ರಲ್ಲಿ ಎರಡು ಅಧ್ಯಯನಗಳು ಈಸ್ಟ್ರೊಜೆನ್ ಒಂದನ್ನೇ ಸೇವಿಸಿದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆಂದು ತೋರಿಸಿದವು. ಗರ್ಭಕೋಶವಿರುವವರಿಗೆ ಜೊತೆಯಲ್ಲಿ ಪ್ರೊಜೆಸ್ಟೆರಾನ್ ವರ್ಗದ ಔಷಧವನ್ನೂ ಕೊಡುವ ಪದ್ಧತಿ ಆ ಬಳಿಕ ನೆಲೆಯೂರಿತು. ಹೀಗೆ ಮೊದಲು ಮಾರಾಟಗಾರರ ಅತ್ಯುತ್ಸಾಹ, ಹಿಂದೆಯೇ ಅದರ ಫಲ.

ಆಮೇಲೆ 2002ರ ಜುಲೈ. 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಎಂಬ ಅಮೆರಿಕ ಸರ್ಕಾರದ ಬೃಹತ್ ಪ್ರಯೋಗದ ಒಂದು ಶಾಖೆಯಲ್ಲಿ 16,608 ಸ್ತ್ರೀಯರಿಗೆ ಎರಡು ಹಾರ್ಮೋನುಗಳ ಜೋಡಿಮಾತ್ರೆಯನ್ನೋ ಹುಸಿಮಾತ್ರೆಯನ್ನೋ ಕೊಟ್ಟು ಪರೀಕ್ಷಿಸಲಾಗುತ್ತಿತ್ತು. ಆ ಶಾಖೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚಿತೆಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಲಕ್ಷಾಂತರ ಸ್ತ್ರೀಯರು ಮಾತ್ರೆಯನ್ನು ಕಸದ ಬುಟ್ಟಿಗೆ ಎಸೆದರು. ವೈದ್ಯರು ಬರೆದುಕೊಡುವುದನ್ನೇ ಬಿಟ್ಟರು.

ಶೇ. 26 ಎಂದರೆ ಎಷ್ಟು? ಹತ್ತು ಸಾವಿರ ಸ್ತ್ರೀಯರಲ್ಲಿ ಒಂದು ವರ್ಷದ ಅವಧಿಗೆ ಹುಸಿಮಾತ್ರೆ ಪಡೆದವರಲ್ಲಿ 30 ಮಂದಿಗೆ ಸ್ತನ ಕ್ಯಾನ್ಸರ್. ಹಾರ್ಮೋನು ಪಡೆದವರಲ್ಲಿ 38 ಮಂದಿಗೆ. ಹೆಚ್ಚಿದ್ದು ಎಂಟು. ಅದರೊಡನೆ ಹೃದಯಾಘಾತದಂಥ ಹೃದಯದ ತೊಂದರೆಗಳು ಏಳು, ಪಾರ್ಶ್ವವಾಯು ಎಂಟು, ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಸೇರಿದ ಪ್ರಸಂಗಗಳು ಎಂಟು ಹೆಚ್ಚಿದವು. ದೊಡ್ಡ ಕರುಳಿನ ಕ್ಯಾನ್ಸರ್ ಆರು, ಸೊಂಟದ ಮೂಳೆ ಮುರಿತ ಐದು ಕಡಿಮೆಯಾದವು. ಎಂಟು ಎಂಬುದು ಅಲ್ಪಸಂಖ್ಯೆ, ಆದರೆ ಅದು ಎಂಟು ಜೀವಗಳ ಸಂಕಟ. ಅದನ್ನು ಮುಚ್ಚಿಡುವ ಹಕ್ಕು ಯಾವ ವೈದ್ಯನಿಗೂ ಇಲ್ಲ. ಹಾಗೆಯೇ ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದನ್ನು ಮುಚ್ಚಿಡುವ ಹಕ್ಕೂ ಇಲ್ಲ. ಅವರಲ್ಲಿ ಅನೇಕರಿಗೆ ಮುಟ್ಟು ನಿಂತು ಹತ್ತು ವರ್ಷಕ್ಕೂ ಮೀರಿತ್ತು. ಪ್ರಯೋಗದ ಮುಖ್ಯ ಪ್ರಶ್ನೆ ಮೈಬಿಸಿಯ ಶಮನವಾಗಿರಲಿಲ್ಲ. ವಯಸ್ಸಾದವರ ಹೃದಯವನ್ನು ಹಾರ್ಮೋನು ಕಾಪಾಡುವುದೇ ಎಂಬುದಾಗಿತ್ತು. ಅರವತ್ತಮೂರರವರ ಉತ್ತರವನ್ನು ನಲವತ್ತೇಳರವಳ ಪ್ರಶ್ನೆಗೆ ಅಂಟಿಸಿದ್ದು ಆ ಕಾಲದ ತಪ್ಪು.

ಮುಂದಿನ ಎರಡು ದಶಕಗಳಲ್ಲಿ ಚಿತ್ರ ಸ್ಪಷ್ಟವಾಯಿತು. ಅದೇ ಪ್ರಯೋಗದ ಇನ್ನೊಂದು ಶಾಖೆಯಲ್ಲಿ ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೊಜೆನ್ ಒಂದನ್ನೇ ಕೊಡಲಾಗಿತ್ತು. ಅಲ್ಲಿ ಪಾರ್ಶ್ವವಾಯು ಹೆಚ್ಚಿತು, ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಒಟ್ಟು ಪ್ರಯೋಗಾರ್ಥಿಗಳನ್ನು 18 ವರ್ಷ ಹಿಂಬಾಲಿಸಿದ ವರದಿ 2017ರಲ್ಲಿ ಬಂದಾಗ, ಹಾರ್ಮೋನು ಪಡೆದವರಲ್ಲಿ ಒಟ್ಟಾರೆ ಸಾವಿನ ಪ್ರಮಾಣ ಹೆಚ್ಚಿರಲಿಲ್ಲ. ಇನ್ನೊಂದೆಡೆ, 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ಬೃಹತ್ ವಿಶ್ಲೇಷಣೆ ಎಚ್ಚರಿಕೆಯನ್ನು ಮತ್ತೆ ಬಿಗಿಗೊಳಿಸಿತು: ಐವತ್ತರಲ್ಲಿ ಆರಂಭಿಸಿ ಐದು ವರ್ಷ ದಿನವೂ ಜೋಡಿ ಹಾರ್ಮೋನನ್ನು ಸೇವಿಸಿದರೆ, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅಂಥ 50 ಸ್ತ್ರೀಯರಿಗೆ ಒಬ್ಬರಂತೆ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಬರಬಹುದು; ಈಸ್ಟ್ರೊಜೆನ್ ಒಂದೇ ಆದರೆ 200ಕ್ಕೆ ಒಬ್ಬರು. ಈಸ್ಟ್ರೊಜೆನ್ ಒಂದೇ ಆದಾಗಿನ ವಿಷಯದಲ್ಲಿ ಎರಡು ಅಧ್ಯಯನಗಳ ಉತ್ತರ ಒಂದೇ ಆಗಿಲ್ಲ ಎಂಬುದನ್ನೂ ಗಮನಿಸಬೇಕು. ಒಂದನ್ನು ಮಾತ್ರ ಹಿಡಿದು ಇನ್ನೊಂದನ್ನು ಬಿಡುವುದು ಏಕಾಂತವಾದ. ಅನೇಕಾಂತವನ್ನು ವೇದಿಕೆಯಲ್ಲಿ ಹೊಗಳುವ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲವನ್ನೂ ತೂಗಿ ಉತ್ತರ ಅಮೆರಿಕದ ಋತುಬಂಧ ತಜ್ಞರ ಸಂಘ 2022ರಲ್ಲಿ ತನ್ನ ನಿಲುವನ್ನು ಪ್ರಕಟಿಸಿತು: ಅರವತ್ತರ ಒಳಗಿನ, ಅಥವಾ ಮುಟ್ಟು ನಿಂತು ಹತ್ತು ವರ್ಷ ಮೀರದ, ಬೇರೆ ಅಡ್ಡಿಗಳಿಲ್ಲದ ಸ್ತ್ರೀಯರಲ್ಲಿ ತೀವ್ರ ತೊಂದರೆಗಳ ಶಮನಕ್ಕೂ ಮೂಳೆಯ ರಕ್ಷಣೆಗೂ ಹಾರ್ಮೋನಿನ ಪ್ರಯೋಜನ ಅಪಾಯಕ್ಕಿಂತ ಹೆಚ್ಚು. ಸ್ತನ ಕ್ಯಾನ್ಸರ್ ಬಂದಿದ್ದವರು, ಹೃದಯಾಘಾತ, ಪಾರ್ಶ್ವವಾಯು, ರಕ್ತದ ಹೆಪ್ಪು ಆಗಿದ್ದವರು, ಯಕೃತ್ತಿನ ಸಕ್ರಿಯ ರೋಗವಿರುವವರು, ಕಾರಣ ತಿಳಿಯದ ರಕ್ತಸ್ರಾವವಿರುವವರು ಸಾಮಾನ್ಯವಾಗಿ ಅದರಿಂದ ದೂರವಿರಬೇಕು. ಹೃದ್ರೋಗವನ್ನೋ ಮರೆವಿನ ರೋಗವನ್ನೋ ತಡೆಯಲೆಂದು ಅದನ್ನು ಸೇವಿಸುವುದು ಸಲ್ಲ. ಚರ್ಮದ ಮೂಲಕ ಒಳಹೋಗುವ ಜೆಲ್, ಪಟ್ಟಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆಯೆಂದು ಅಧ್ಯಯನಗಳು ಸೂಚಿಸುತ್ತವೆ. ಬರಿಯ ಶುಷ್ಕತೆ, ಮೂತ್ರದ ಉರಿಗಳಷ್ಟೇ ಇದ್ದವರಿಗೆ ಯೋನಿಗೆ ಹಚ್ಚುವ ಅಲ್ಪಪ್ರಮಾಣದ ಕ್ರೀಮ್ ಸಾಕು. ಅದು ರಕ್ತಕ್ಕೆ ಸೇರುವುದು ತೀರ ಸ್ವಲ್ಪ. ಹಾರ್ಮೋನು ಬೇಡವೆನ್ನುವವರಿಗೆ ಬೇರೆ ಔಷಧಗಳೂ ಇವೆ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಗಳ ಮೇಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಸುವುದಾಗಿ ಪ್ರಕಟಿಸಿತು. ಅದರ ಉತ್ಸಾಹ ತುಸು ಅತಿಯಾಯಿತೆಂದು ಆಕ್ಷೇಪಿಸಿದ ತಜ್ಞರೂ ಇದ್ದಾರೆ. 1966ರ ಪುಸ್ತಕವನ್ನು ನೆನೆದರೆ ಆ ಆಕ್ಷೇಪಕ್ಕೆ ಬೆಲೆಯಿದೆ.

ಹಾಗಾದರೆ ಎಲ್ಲ ಸ್ತ್ರೀಯರೂ ಹಾರ್ಮೋನು ಸೇವಿಸಬೇಕೇ? ಖಂಡಿತ ಇಲ್ಲ. ಸೇವಿಸದಿರುವುದು ದೋಷವಲ್ಲ. ಆಕೆಯ ಮುಂದೆ ಈ ಲೆಕ್ಕವನ್ನು ಯಾರೂ ಇಡಲಿಲ್ಲ ಎಂಬುದೇ ದೋಷ. 2002ರ ಒಂದು ತಲೆಬರಹ ಇಂದಿಗೂ ಮನೆಮನೆಯ ವಾಟ್ಸಾಪಿನಲ್ಲಿ ಜೀವಂತವಾಗಿದೆ. ಆಮೇಲಿನ ಇಪ್ಪತ್ತು ವರ್ಷ ಯಾವ ಮನೆಗೂ ತಲುಪಲಿಲ್ಲ.

"ಸಹಜ" ಎಂಬ ವಾದವನ್ನೂ ಒಮ್ಮೆ ಮುಗಿಸಿಬಿಡಬಹುದು. ಕಣ್ಣಿನ ಪೊರೆಯೂ ವಯೋಸಹಜವೇ. ಅದಕ್ಕಾಗಿ ಜೈನ ಟ್ರಸ್ಟುಗಳು ಶಿಬಿರ ನಡೆಸುತ್ತವೆ, ದಾನಿಗಳ ಹೆಸರನ್ನು ಬ್ಯಾನರಿನಲ್ಲಿ ಬರೆಸುತ್ತವೆ. ಗಂಡಸಿನ ರಕ್ತದೊತ್ತಡ ವಯೋಸಹಜವೆಂದು ಯಾರೂ ಮಾತ್ರೆಯನ್ನು ಕಿತ್ತುಕೊಂಡದ್ದಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಒಂದಿದೆ, ಅದನ್ನು ಎತ್ತುವವರು ಬಹುಮಟ್ಟಿಗೆ ಸ್ತ್ರೀಯರೇ. ಈ ಔಷಧದಲ್ಲಿ ಹಿಂಸೆಯಿದೆಯೇ? ಇದೆ, ಕೆಲವದರಲ್ಲಿ. 1942ರ ಆ ಮಾತ್ರೆ, ಪ್ರೆಮರಿನ್, ಗರ್ಭಿಣಿ ಕುದುರೆಯ ಮೂತ್ರದಿಂದ ತೆಗೆದದ್ದು. ಅದರ ಹೆಸರೇ ಆ ಅರ್ಥದ ಇಂಗ್ಲಿಷ್ ಪದಗಳ ತುಣುಕುಗಳಿಂದ ಕಟ್ಟಿದ್ದು. ಕೆನಡಾದ ಫಾರ್ಮುಗಳಲ್ಲಿ ಕುದುರೆಗಳನ್ನು ಮತ್ತೆಮತ್ತೆ ಗರ್ಭ ಕಟ್ಟಿಸಿ, ತಿಂಗಳುಗಟ್ಟಲೆ ಇಕ್ಕಟ್ಟಿನ ಲಾಯದಲ್ಲಿ ನಿಲ್ಲಿಸಿ ಮೂತ್ರ ಸಂಗ್ರಹಿಸುತ್ತಿದ್ದುದನ್ನೂ, ಬೇಡವಾದ ಮರಿಗಳು ಕಸಾಯಿಖಾನೆ ಸೇರುತ್ತಿದ್ದುದನ್ನೂ ಪ್ರಾಣಿದಯಾ ಸಂಘಟನೆಗಳು ದಶಕಗಳಿಂದ ಹೇಳುತ್ತ ಬಂದಿವೆ. ಸಂಯೋಜಿತ ಈಕ್ವೈನ್ ಈಸ್ಟ್ರೊಜೆನ್ ಎಂಬ ಹೆಸರು ಪೆಟ್ಟಿಗೆಯ ಮೇಲಿದ್ದರೆ ಶ್ರಾವಿಕೆ ಅದನ್ನು ನಿರಾಕರಿಸಲು ಪೂರ್ಣ ಕಾರಣವಿದೆ.

ಆದರೆ ಅದು ಏಕೈಕ ಈಸ್ಟ್ರೊಜೆನ್ ಅಲ್ಲ. ಸ್ತ್ರೀದೇಹವೇ ತಯಾರಿಸುವ ಈಸ್ಟ್ರಡಿಯಾಲನ್ನು ಇಂದು ಸಸ್ಯಮೂಲದ ವಸ್ತುಗಳಿಂದ, ಮುಖ್ಯವಾಗಿ ಸೋಯಾದಿಂದ, ಪ್ರಯೋಗಾಲಯದಲ್ಲಿ ರೂಪಿಸುತ್ತಾರೆ. ಇದರ ಹಾದಿ ತೆರೆದವನು ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್. 1940ರ ದಶಕದಲ್ಲಿ ಆತ ಮೆಕ್ಸಿಕೋದ ಕಾಡುಗೆಣಸಿನಿಂದ ಪ್ರೊಜೆಸ್ಟೆರಾನ್ ತೆಗೆದ. (ಕಂದಮೂಲ ನಿಷಿದ್ಧವಲ್ಲವೇ ಎಂದು ನಗುವವರು ನಗಲಿ, ಆ ಪ್ರಶ್ನೆಯನ್ನೂ ಕೇಳಬಹುದು, ಕುದುರೆಯ ಪ್ರಶ್ನೆಯೊಡನೆ ಅದನ್ನು ಸಮ ಮಾಡಬಾರದಷ್ಟೇ.) ಪ್ರೊಜೆಸ್ಟೆರಾನಿನ ಮೆದು ಗುಳಿಗೆಗಳ ಹೊದಿಕೆ ಸಾಮಾನ್ಯವಾಗಿ ಜೆಲಾಟಿನ್, ಎಂದರೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬಂದದ್ದು. ಅದು ಒಲ್ಲದವರು ಮಾತ್ರೆಯ ರೂಪದ ಡೈಡ್ರೊಜೆಸ್ಟೆರಾನನ್ನೋ, ಗರ್ಭಕೋಶದೊಳಗೆ ಕೂರಿಸುವ ಲೆವೊನಾರ್ಜೆಸ್ಟ್ರೆಲ್ ಸಾಧನವನ್ನೋ ಕುರಿತು ವೈದ್ಯರನ್ನು ವಿಚಾರಿಸಬಹುದು. ವೈದ್ಯರಿಗೆ ಇಂಥ ಪ್ರಶ್ನೆ ಹೊಸದಾಗಿ ಕಂಡರೆ ಅವರೂ ಕಲಿಯಲಿ.

ಔಷಧದಲ್ಲಿ ಹಿಂಸೆ ಕಂಡಾಗ ಜೈನರು ಏನು ಮಾಡಿದರೆಂಬುದಕ್ಕೆ ಕನ್ನಡ ನಾಡಿನಲ್ಲೇ ಸಾಕ್ಷ್ಯವಿದೆ. ಒಂಬತ್ತನೆಯ ಶತಮಾನದ ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯಾಚಾರ್ಯ 'ಕಲ್ಯಾಣಕಾರಕ'ವೆಂಬ ಸಂಸ್ಕೃತ ವೈದ್ಯಗ್ರಂಥ ಬರೆದ. ಮದ್ಯ, ಮಾಂಸ, ಮಧುಗಳಿಲ್ಲದೆ ರೋಗಗಳನ್ನು ಗುಣಪಡಿಸುವ ಕ್ರಮವನ್ನು ಅದರಲ್ಲಿ ಹೇಳಿದ. ಮಾಂಸಾಹಾರದ ಪಕ್ಷವನ್ನು ಖಂಡಿಸುವ ಅದರ 'ಹಿತಾಹಿತ' ಭಾಗ ಅಮೋಘವರ್ಷ ನೃಪತುಂಗನ ಸಭೆಯೊಡನೆ ಸೇರಿಕೊಂಡಿದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ, ಪೂಜ್ಯಪಾದರ ಹೆಸರಿನ ವೈದ್ಯಗ್ರಂಥವನ್ನು ಆಧರಿಸಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ಕನ್ನಡದಲ್ಲೇ ಬರೆದ, ಅದೇ ನಿಯಮದಲ್ಲಿ. ಇವರ ಮುಂದೆ ಎರಡು ದಾರಿಗಳಿದ್ದವು. ಔಷಧವೇ ಬೇಡ, ಕರ್ಮಫಲ ಅನುಭವಿಸಿ ಎಂದು ರೋಗಿಗೆ ಹೇಳಿ ಕೈತೊಳೆಯುವುದು ಒಂದು. ಹಿಂಸೆಯಿಲ್ಲದ ಪರ್ಯಾಯವನ್ನು ಹುಡುಕುವುದು ಇನ್ನೊಂದು. ಅವರು ಎರಡನೆಯದನ್ನು ಹಿಡಿದರು. ಇಂದಿನ ಮನೆಗಳು ಅಹಿಂಸೆಯ ಹೆಸರಿನಲ್ಲಿ ಮೊದಲನೆಯದನ್ನು ಹಿಡಿಯುತ್ತಿವೆ, ಅದೂ ಸ್ತ್ರೀಯ ರೋಗಕ್ಕೆ ಮಾತ್ರ. ಗಂಡಸಿನ ಗುಳಿಗೆಯ ಜೆಲಾಟಿನನ್ನು ಯಾರು ಪರೀಕ್ಷಿಸಿದ್ದಾರೆ?

ಇನ್ನು ತಪಸ್ಸಿನ ಮಾತು. ಋತುಬಂಧದ ಸಂಕಟವನ್ನು ಮೌನವಾಗಿ ನುಂಗಿದ ಅಜ್ಜಿಯನ್ನು ಮೊಮ್ಮಕ್ಕಳ ಮುಂದೆ ತಪಸ್ವಿನಿಯೆಂದು ಬಣ್ಣಿಸುವ ರೂಢಿ ಇದೆ. ಈ ಹೊಗಳಿಕೆ ಸಿದ್ಧಾಂತಕ್ಕೆ ನಿಲ್ಲುವುದಿಲ್ಲ. ಅರಿತು, ಬಯಸಿ, ಸಂಕಲ್ಪದಿಂದ ಕೈಗೊಂಡದ್ದು ತಪಸ್ಸು. ಬೇರೆ ದಾರಿಯಿಲ್ಲದೆ ಅನುಭವಿಸಿದ ಕಷ್ಟಕ್ಕೆ ಶಾಸ್ತ್ರದಲ್ಲಿ ಅಕಾಮ ನಿರ್ಜರೆಯೆಂಬ ಬೇರೆಯೇ ಹೆಸರಿದೆ. ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ಅದನ್ನು ವಿವರಿಸುವಾಗ, ಸೆರೆಯಲ್ಲಿ ಕಟ್ಟುಬಿದ್ದು ಹಸಿವು ಬಾಯಾರಿಕೆಗಳನ್ನು ತಾಳಬೇಕಾಗಿ ಬಂದವನನ್ನು ಮುಂದಿಡುತ್ತಾರೆ. ನಡುರಾತ್ರಿ ಬೆವರಿ ಎದ್ದು, ಔಷಧವಿದೆಯೆಂಬುದೇ ತಿಳಿಯದೆ ಕತ್ತಲಲ್ಲಿ ಕುಳಿತವಳ ಸ್ಥಿತಿ ಯಾವುದಕ್ಕೆ ಹತ್ತಿರ? ತಿಳಿದೂ ಬೇಡವೆಂದವಳದು ತಪಸ್ಸಾಗಬಹುದು. ತಿಳಿಯಗೊಡದೆ ಸಹಿಸುವಂತೆ ಮಾಡಿದ್ದು ಸೆರೆ. ಸೆರೆಗೆ ಕಾವಲಿದ್ದವರಿಗೆ ಅದರ ಪುಣ್ಯದಲ್ಲಿ ಪಾಲಿಲ್ಲ. ರೋಗಪೀಡಿತರ ಸೇವೆಯಾದ ವೈಯಾವೃತ್ಯವನ್ನು ಆರು ಅಂತರಂಗ ತಪಗಳಲ್ಲಿ ಎಣಿಸಲಾಗಿದೆ. ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ತಪಸ್ಸು ಬೇಕಾದರೆ ಮನೆಯ ಉಳಿದವರಿಗೆ ಅವಕಾಶ ತೆರೆದೇ ಇದೆ.

2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮ ಮಾಡಿದಾಗ ದೇಶದ ಉದ್ದಗಲಕ್ಕೂ ಜೈನರು ಬೀದಿಗಿಳಿದರು; ಸುಪ್ರೀಂ ಕೋರ್ಟು ಅದೇ ತಿಂಗಳು ಆ ತೀರ್ಪಿಗೆ ತಡೆ ಕೊಟ್ಟಿತು. ಅಂದು ಸಮಾಜ ಮುಂದಿಟ್ಟ ವಾದದ ತಿರುಳು ಅರಿವು ಮತ್ತು ಸ್ವಸಮ್ಮತಿ: ಸಾಧಕ ಎಚ್ಚರದಿಂದ, ಬಲವಂತವಿಲ್ಲದೆ ತನ್ನ ದೇಹದ ಕುರಿತು ನಿರ್ಧರಿಸುತ್ತಾನೆ. ದೇಹವನ್ನು ಬಿಡುವ ನಿರ್ಧಾರಕ್ಕೆ ಅಷ್ಟು ಗೌರವ ಬೇಡಿದ ಸಮಾಜ, ದೇಹದಲ್ಲಿ ನೆಮ್ಮದಿಯಿಂದ ಬಾಳುವ ನಿರ್ಧಾರವನ್ನು ಶ್ರಾವಿಕೆಗೆ ಬಿಟ್ಟುಕೊಡಲು ಹಿಂಜರಿಯುತ್ತದೆ. 2023ರ ಜನವರಿಯಲ್ಲಿ ಸಮ್ಮೇದ ಶಿಖರ್ಜಿಗಾಗಿ ನಡೆದ ಮೆರವಣಿಗೆಗಳಲ್ಲಿ ಸ್ತ್ರೀಯರು ದೊಡ್ಡ ಸಂಖ್ಯೆಯಲ್ಲಿ ನಡೆದರು. ಅವರ ಮೊಣಕಾಲು, ಅವರ ನಿದ್ರೆ ಯಾವ ಮನವಿಪತ್ರದಲ್ಲೂ ಸೇರಲಿಲ್ಲ.

ಮನವಿಗೆ ವಿಷಯಗಳ ಕೊರತೆಯೇನಿಲ್ಲ. ಆಯುಷ್ಮಾನ್ ಭಾರತದ ವಿಮೆ ದಾಖಲಾತಿ ಬೇಕಾದ ಚಿಕಿತ್ಸೆಗೆ. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಅದರ ಪಟ್ಟಿಯಲ್ಲಿದೆ. ತಿಂಗಳು ತಿಂಗಳು ಕೊಳ್ಳಬೇಕಾದ ಈಸ್ಟ್ರೊಜೆನ್, ಹೊರರೋಗಿಯಾಗಿ ಮಾಡಿಸಬೇಕಾದ ಮೂಳೆಯ ಪರೀಕ್ಷೆ ಅದರ ಹೊರಗೆ. ಕೊಯ್ದರೆ ಹಣ, ಕಾಯ್ದರೆ ಇಲ್ಲ. ಇದರ ಪರಿಣಾಮ ಎಂಥದೆಂದು ಮಹಾರಾಷ್ಟ್ರದಲ್ಲಿ ನೆಲೆಸಿದ ಓದುಗರಿಗೆ ತಿಳಿದಿದೆ: ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರೆಂಬುದು 2019ರಲ್ಲಿ ಸರ್ಕಾರಿ ಸಮಿತಿಯಿಂದಲೇ ಹೊರಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಂಧ್ರಪ್ರದೇಶ, ತೆಲಂಗಾಣಗಳ ಪ್ರಮಾಣ ದೇಶದ ಸರಾಸರಿಗಿಂತ ಬಹಳ ಮೇಲಿದೆ. ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಇದು ಬಡವರ ಕಥೆ, ವ್ಯಾಪಾರಸ್ಥ ಕುಟುಂಬಗಳಿಗೆ ಸಂಬಂಧವಿಲ್ಲ ಎನ್ನುವಂತಿಲ್ಲ. ಋತುಬಂಧಕ್ಕೆ ಮುನ್ನಿನ ವರ್ಷಗಳಲ್ಲಿ ಸ್ರಾವ ಏರುಪೇರಾಗುತ್ತದೆ. ಯಾವ ದಿನ ಬಸದಿಗೆ ಹೋಗಬಹುದು, ಯಾವ ದಿನ ಒಲೆ ಮುಟ್ಟಬಹುದೆಂಬ ಲೆಕ್ಕವೇ ತಪ್ಪುತ್ತದೆ. "ಮಕ್ಕಳಾಯಿತಲ್ಲ, ತೆಗೆಸಿಬಿಡು, ಶುದ್ಧಿಯ ತಾಪತ್ರಯ ತಪ್ಪಿತು" ಎಂಬ ಸಲಹೆ ಸ್ಥಿತಿವಂತರ ಮನೆಗಳಲ್ಲೂ ಕೇಳಿಬರುತ್ತದೆ. ಗರ್ಭಕೋಶದೊಡನೆ ಎರಡೂ ಅಂಡಾಶಯಗಳನ್ನು ತೆಗೆದರೆ ಋತುಬಂಧ ಮೆಲ್ಲನೆ ಬರುವುದಿಲ್ಲ, ಶಸ್ತ್ರಚಿಕಿತ್ಸೆಯ ಬೆನ್ನಿಗೇ ಬಂದಿಳಿಯುತ್ತದೆ. ನಲವತ್ತೈದಕ್ಕೆ ಮುಂಚೆ ಹೀಗಾದವರಿಗೆ, ಅಡ್ಡಿಗಳಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗಾದರೂ ಹಾರ್ಮೋನು ಕೊಡಬೇಕೆಂಬುದು ವೈದ್ಯಲೋಕದಲ್ಲಿ ಬಹುತೇಕ ವಿವಾದವಿಲ್ಲದ ಮಾತು. ಮೂಳೆ ಹಾಗೂ ಹೃದಯದ ರಕ್ಷಣೆ ಅದರಲ್ಲಿದೆ. ಶಸ್ತ್ರಚಿಕಿತ್ಸೆಗೆ ಲಕ್ಷ ರೂಪಾಯಿ ಕಟ್ಟಿದ ಮನೆಯಲ್ಲಿ, ಅಂಡಾಶಯ ಉಳಿದಿದೆಯೋ ಹೋಗಿದೆಯೋ ಎಂಬುದು ಆಕೆಗೇ ತಿಳಿಯದಿರುವುದುಂಟು. ಡಿಸ್ಚಾರ್ಜ್ ಕಾಗದ ಗಂಡನ ಬೀರುವಿನಲ್ಲಿರುತ್ತದೆ.

ಹೊರನಾಡಿನಲ್ಲಿ ಮತ್ತೊಂದು ಕಷ್ಟ ಸೇರುತ್ತದೆ, ಭಾಷೆ. ಚೆನ್ನೈನಲ್ಲೋ ದೆಹಲಿಯಲ್ಲೋ ಮೂವತ್ತು ವರ್ಷ ಬಾಳಿದ ಕನ್ನಡದ ತಾಯಿ ತರಕಾರಿ ಕೊಳ್ಳುವಷ್ಟು ತಮಿಳು, ಹಿಂದಿ ಬಲ್ಲಳು. ಒಳಗಿನ ಉರಿಯನ್ನು ಹೇಳುವಷ್ಟು ಬಲ್ಲಳೆಂದಲ್ಲ. ಆದ್ದರಿಂದ ಮಗ ಜೊತೆಗೆ ಹೋಗಿ ವೈದ್ಯರಿಗೆ ಅನುವಾದಿಸುತ್ತಾನೆ. ಮಗನ ಬಾಯಿಂದ ಯಾವ ತಾಯಿ ಯೋನಿಯ ಶುಷ್ಕತೆಯನ್ನು ಹೇಳಿಸಿಯಾಳು? "ಸ್ವಲ್ಪ ಸುಸ್ತು, ನಿದ್ದೆ ಬರುವುದಿಲ್ಲ" ಎಂಬಷ್ಟಕ್ಕೆ ಮಾತು ನಿಲ್ಲುತ್ತದೆ. ವೈದ್ಯರು ಕ್ಯಾಲ್ಸಿಯಂ ಬರೆಯುತ್ತಾರೆ, ಒಂದು ನಿದ್ರೆಮಾತ್ರೆ ಸೇರಿಸುತ್ತಾರೆ. ಸೊಸೆಯೋ ಮಗಳೋ ಹೋಗಿದ್ದರೆ ಬೇರೆ ಚೀಟಿ ಬರಬಹುದಿತ್ತು.

ಬಸದಿಗಳ ಟ್ರಸ್ಟುಗಳು, ಮಹಿಳಾ ಮಂಡಳಗಳು ಈ ವರ್ಷದ ಕಾರ್ಯಕ್ರಮದ ಪಟ್ಟಿಯನ್ನು ಇನ್ನೂ ಅಚ್ಚು ಹಾಕಿಸಿಲ್ಲವಾದರೆ ಒಂದು ಭಾನುವಾರದ ಜಾಗ ಬಿಡಬಹುದು. ರಕ್ತದಾನ, ಕಣ್ಣು, ಹಲ್ಲುಗಳ ಪಕ್ಕದಲ್ಲಿ ಋತುಬಂಧವೆಂಬ ಪದ ಫಲಕದ ಮೇಲೆ ಪೂರ್ಣವಾಗಿ ಬರೆದಿರಲಿ. "ಮಹಿಳೆಯರ ವಿಶೇಷ ಸಮಸ್ಯೆಗಳು" ಎಂಬ ಮುಸುಕು ಬೇಡ. ಕನ್ನಡ ಬಲ್ಲ ಒಬ್ಬ ಸ್ತ್ರೀರೋಗ ತಜ್ಞೆ, ಮುಚ್ಚಿದ ಬಾಗಿಲಿನ ಒಂದು ಕೋಣೆ, ರಕ್ತದೊತ್ತಡ ನೋಡುವ ಉಪಕರಣ, ಯಾವ ಔಷಧ ಸಸ್ಯಮೂಲದ್ದು, ಯಾವುದು ಕುದುರೆಯದು, ಯಾವ ಗುಳಿಗೆಯ ಹೊದಿಕೆ ಏನೆಂದು ಔಷಧಶಾಸ್ತ್ರ ಓದಿದ ಸಮಾಜದ ಯುವಕರು ತಯಾರಿಸಿದ ಒಂದು ಹಾಳೆ: ಇಷ್ಟಕ್ಕೆ ತಗಲುವ ವೆಚ್ಚ ಒಂದು ಸ್ವಾಗತ ಕಮಾನಿಗಿಂತ ಕಡಿಮೆ. ಗಂಡಂದಿರಿಗೆ ಪಕ್ಕದ ಸಭಾಂಗಣದಲ್ಲಿ ಪ್ರತ್ಯೇಕ ಉಪನ್ಯಾಸ ಇಡಬಹುದು. ಹತ್ತು ಸಾವಿರಕ್ಕೆ 30 ಎಂದರೇನು, 38 ಎಂದರೇನು ಎಂಬ ಲೆಕ್ಕವನ್ನು ಅವರಿಗೆ ಕಲಿಸಲು ಅರ್ಧ ಗಂಟೆ ಸಾಕು. ಬಡ್ಡಿಯ ಲೆಕ್ಕ ಬಲ್ಲವರು.